ಪಂಚೆಯ ಮೇಲೆ ಕಾಲೇಜಿನ ಹೆಸರು

ನಾನು ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಕಾಲೇಜು ಚಾಮರಾಜಪೇಟೆಯ ಒಂದು ಬಾಡಿಗೆ ಮಹಡಿ ಮನೆಯಲ್ಲಿತ್ತು. ನಮ್ಮ ಪ್ರಿನ್ಸಿಪಾಲರಿಗೆ ಒಂದು ಚಟ. ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಕಾಲೇಜಿನ ಹೆಸರು ಕಾಣಬೇಕು. ಮಂತ್ರಿಗಳು ಬಂದರೆ ಅವರ ಬೆನ್ನ ಹಿಂದೆ ನಮ್ಮ ಬಟ್ಟೆಯ ಬೋರ್ಡು. ಒಬ್ಬ ದೊಡ್ಡ ಮನುಷ್ಯರ ಶೋಕಸಭೆಗೆ ಕಳಿಸಿದ ಹೂವಿನ ಅಲಂಕಾರದಲ್ಲಿ ಸತ್ತವರ ಹೆಸರಿಗಿಂತ ಕಾಲೇಜಿನ ಹೆಸರೇ ದಪ್ಪಗಿತ್ತು. ಕಾಲೇಜೇ ತೀರಿಕೊಂಡಿತೆಂದು ತಿಳಿದು ಒಬ್ಬರು ಪ್ರಿನ್ಸಿಪಾಲರಿಗೇ ಸಮಾಧಾನ ಹೇಳಿ ಹೋದರು.

ಇಷ್ಟೆಲ್ಲಾ ಪ್ರಚಾರವಾದರೂ ನನ್ನ ಕ್ಲಾಸು ಖಾಲಿ. "ಜೂನಲ್ಲಿ ಹುಡುಗ್ರು ಬರ್ಲಿಲ್ಲ ಅಂದ್ರೆ ತರ್ಕ ಮುಚ್ಚೋದೇ ಮೇಷ್ಟ್ರೇ" ಎಂದುಬಿಟ್ಟರು ಪ್ರಿನ್ಸಿಪಾಲರು. ಮುಚ್ಚಿದರೆ ನನಗೆ ಉಳಿಯುವುದು ಒಂದೇ ದಾರಿ. ತರಗುಪೇಟೆಯಲ್ಲಿ ಚಿಕ್ಕಪ್ಪನ ಬೇಳೆ ಮಂಡಿಯಿತ್ತು. "ಓದಿದ್ದು ಸಾಕು, ಬಂದು ತಕ್ಕಡಿ ಹಿಡಿ" ಎಂದು ಆತ ಹಬ್ಬಹಬ್ಬಕ್ಕೂ ಕರೆಯುತ್ತಿದ್ದ. ತೊಗರಿಬೇಳೆಯ ಧೂಳಿಗೆ ಸೀನುತ್ತಾ ಮುದುಕನಾಗುವುದನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ರಾಮನವಮಿ ಬಂತು. ಚಪ್ಪರದ ಸಂಗೀತ ಕಛೇರಿಗೆ ಊರಿಗೆ ಊರೇ ಸೇರುತ್ತದೆ, ಸೆಖೆಯೂ ಜೋರು. ಪ್ರಿನ್ಸಿಪಾಲರು ಬಾಗಿಲಲ್ಲಿ ಹಂಚಲು ರಟ್ಟಿನ ಬೀಸಣಿಗೆ ಮಾಡಿಸಿದರು. ಒಂದೊಂದರ ಮೇಲೂ ನೇರಳೆ ಮಸಿಯಲ್ಲಿ ಕಾಲೇಜಿನ ಹೆಸರು. ಚಿಕ್ಕಪೇಟೆಯ ಪ್ರೆಸ್ಸಿನಿಂದ ಅವು ಬಂದದ್ದು ಅದೇ ಸಾಯಂಕಾಲ. ಮುಟ್ಟಿದರೆ ಬಣ್ಣ ಬೆರಳಿಗೆ ಅಂಟುತ್ತಿತ್ತು. "ಮಸಿ ಒಣಗಿಲ್ಲ ಸಾರ್" ಎಂದೆ.

"ಬೀಸ್ಕೊಂಡ್ರೆ ತಾನೇ ಒಣಗತ್ತೆ ಬಿಡ್ರೀ" ಎಂದರು.

ಆದರೆ ನಮ್ಮ ಜನ ಕಛೇರಿಗೆ ಬರುವುದು ಬೀಸಿಕೊಳ್ಳುವುದಕ್ಕಲ್ಲ, ತಾಳ ಹಾಕುವುದಕ್ಕೆ. ಪಲ್ಲವಿ ಶುರುವಾಗಿದ್ದೇ ತಡ, ಹಿಡಿದ ಬೀಸಣಿಗೆಯ ಸಮೇತ ಕೈಗಳೆಲ್ಲ ತೊಡೆಗೆ ಇಳಿದವು. ಮುಂದಿನ ಸಾಲಿನಲ್ಲಿ ವಿಭೂತಿ ಧರಿಸಿ ಕೂತಿದ್ದ ಚಿಕ್ಕಪ್ಪನ ತಾಳವಂತೂ ಮೃದಂಗದವನಿಗೂ ಕೇಳಿಸುವಂತಿತ್ತು. ಮಂಗಳ ಹಾಡಿ ಎಲ್ಲರೂ ಎದ್ದರು. ಅಯ್ಯೋ ಶಿವನೇ, ಚಪ್ಪರದ ತುಂಬ ಬಿಳಿ ಪಂಚೆಗಳು, ಒಂದೊಂದರ ತೊಡೆಯ ಮೇಲೂ ನಮ್ಮ ಕಾಲೇಜಿನ ಹೆಸರು, ತಿರುಗಿಸಿ ಅಚ್ಚೊತ್ತಿದ ಹಾಗೆ.

ಮರುದಿನ ಬೆಳಿಗ್ಗೆ ಕಾಲೇಜಿನ ಮುಂದೆ ಜನವೋ ಜನ. ಪ್ರಿನ್ಸಿಪಾಲರು ಮಹಡಿ ಕಿಟಕಿಯಿಂದ ಬಗ್ಗಿ, "ನೋಡಿದ್ರಾ ಪ್ರಚಾರದ ಮಹಿಮೆ! ಅಡ್ಮಿಷನ್ ಫಾರಂ ತೆಗೀರಿ" ಎಂದರು. ಬಂದವರ ಕಂಕುಳಲ್ಲಿದ್ದ ಪಂಚೆಗಳು ಕಂಡ ಮೇಲೆ ಅವರ ಮುಖ ಒಣಗಿತು. "ನೀವು ತರ್ಕದವ್ರು, ನೀವೇ ಮಾತಾಡಿ" ಎಂದು ನನ್ನನ್ನು ಗೇಟಿಗೆ ತಳ್ಳಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಎಲ್ಲರಿಗಿಂತ ಮುಂದೆ ಚಿಕ್ಕಪ್ಪ. "ಸೀಗೆಕಾಯಿ, ನಿಂಬೆಹಣ್ಣು, ಎಲ್ಲಾ ಉಜ್ಜಿ ಆಯ್ತು. ಹೋಗಲ್ಲ ಅಂತದೆ. ಏನ್ ಹೇಳ್ತೀಯ?"

ನನಗೆ ಬಂದ ವಿದ್ಯೆ ತರ್ಕ ಒಂದೇ. "ಬೀಸಣಿಗೆ ಕೊಟ್ಟಿದ್ದು ಬೀಸೋಕೆ ಚಿಕ್ಕಪ್ಪ. ಬೀಸಿದ್ದಕ್ಕೆ ಯಾವ ಪಂಚೇನೂ ಹಾಳಾಗಿಲ್ಲ. ಹಾಳಾಗಿದ್ದು ಬಡಿದಿದ್ದಕ್ಕೆ. ಬಡಿದೋರು ನೀವು."

"ತಾಳ ಹಾಕ್ದೆ ಪಲ್ಲವಿ ಕೇಳೋಕಾಗತ್ತೇನಯ್ಯಾ?" ಎಂದರು ಒಬ್ಬ ಹಿರಿಯರು.

"ಎಡಗೈಲಿ ಹಾಕ್ಬಹುದಿತ್ತಲ್ಲಾ?" ಎಂದೆ.

ಅಷ್ಟು ಸಾಕಾಯಿತು. ಎಡಗೈ ತಾಳ ಸಲ್ಲುತ್ತದೋ ಇಲ್ಲವೋ ಎಂದು ಅವರವರಲ್ಲೇ ಹತ್ತಿಕೊಂಡಿತು. ನಾನು ಎರಡೂ ಪಕ್ಷದ ಕಡೆಯಿಂದ ವಾದಿಸಿದೆ. ಬಿಸಿಲೇರಿತು, ಪಂಚೆಯ ಮಾತು ಮರೆತೇಹೋಯಿತು. ನಿಜ ಹೇಳಬೇಕೆಂದರೆ, ನನ್ನ ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಪಾಠವನ್ನೂ ಮಾಡಿರಲಿಲ್ಲ.

ಚಿಕ್ಕಪ್ಪ ಮಾತ್ರ ವಾದಕ್ಕೆ ಸೇರದೆ ನನ್ನನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಪ್ರಿನ್ಸಿಪಾಲರ ಬಾಗಿಲು ಬಡಿದ. "ಸ್ವಾಮಿ, ಇವನು ಮಂಡಿಗೆ ಬಂದ್ರೆ ಒಂದು ಪಾವು ಬೇಳೆ ಕೊಳ್ಳೋನ ಹತ್ರಾನೂ ಮಧ್ಯಾಹ್ನದವರ್ಗೆ ವಾದ ಮಾಡ್ತಾನೆ. ಇವನನ್ನ ಇಲ್ಲೇ ಇಟ್ಕೊಳ್ಳಿ. ಹುಡುಗ್ರನ್ನ ನಾನು ತರ್ತೀನಿ."

ಜೂನಿನಲ್ಲಿ ತರಗುಪೇಟೆಯ ಸಾಹುಕಾರರ ಮಕ್ಕಳಿಂದ ನನ್ನ ಕ್ಲಾಸು ತುಂಬಿತು. ಬೀಸಣಿಗೆಯ ಯೋಜನೆ ಫಲ ಕೊಟ್ಟಿತೆಂದು ಪ್ರಿನ್ಸಿಪಾಲರು ವಾರ್ಷಿಕೋತ್ಸವದಲ್ಲಿ ಭಾಷಣ ಮಾಡಿದರು. ಮುಂದಿನ ಬೆಂಚಿನಲ್ಲಿ ಚಿಕ್ಕಪ್ಪನ ಒಬ್ಬನೇ ಮಗ ಕೂತಿದ್ದ. ಮಗ ಹಾಳಾದರೂ ಚಿಂತೆಯಿಲ್ಲ, ನನ್ನ ಕೈಗೆ ಸಿಗದೆ ಮಂಡಿ ಉಳಿಯಲಿ ಎಂದು ಚಿಕ್ಕಪ್ಪನೇ ಕರೆತಂದು ಸೇರಿಸಿದ್ದ.