ಕಾಕಾ ಮೆಚ್ಚಿದ ಬೋರ್ಡು

ಕಾಕಾರ ಬಲಗಿವಿಯ ಹಿಂದೆ ಸದಾ ಒಂದು ಬೆಸುಗೆ ತಂತಿಯ ತುಂಡು ಇರುತ್ತಿತ್ತು. ಯಾರು ಏನೇ ಕೇಳಲಿ, ತಲೆ ವಾಲಿಸಿ ಆ ಕಿವಿಯನ್ನೇ ಮುಂದೆ ಮಾಡಿ, "ಇನ್ನೊಮ್ಮೆ ಹೇಳ್ರಿ" ಅನ್ನುತ್ತಿದ್ದರು. ಗೋಕಾಕದಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಅವರ ರೇಡಿಯೋ ರಿಪೇರಿ ಅಂಗಡಿಗೆ ಮೊದಲ ಸಲ ಹೋದಾಗ ನನಗೆ ಅದು ಸೊಕ್ಕು ಅನ್ನಿಸಿತ್ತು.

ನಾನು ಹೋದದ್ದು ಬೇರೆ ದಾರಿ ಕಾಣದೆ. ಮೂಡಲಗಿಯ ನಮ್ಮ ಮನೆಯಲ್ಲಿ ಕುರಿಗಾರರಿಗಾಗಿ ಬ್ಯಾಟರಿ ದೀಪ ಮಾಡುತ್ತಿದ್ದೆ. ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ, ಬೆಂಕಿಪೊಟ್ಟಣದಷ್ಟು ಸಣ್ಣ ಕನ್ವರ್ಟರ್ ಬೋರ್ಡೇ ಅದರ ಜೀವ. ಇಪ್ಪತ್ತು ದೀಪ ಬೇಕೆಂದಿದ್ದ ಮಸಗುಪ್ಪಿಯ ಕುರಿಗಾರ, ಮಾದರಿಗೆ ಕೊಟ್ಟಿದ್ದ ಒಂದನ್ನು ತಂದು ನನ್ನ ಮುಂದಿಟ್ಟ.

"ದೀಪಾ ಹಚ್ಚಿದ್ರ ರೇಡಿಯೋ ಬರೇ ಸುಂಯ್ ಅಂತೈತ್ರಿ ಅಕ್ಕಾರ. ಅಡವ್ಯಾಗ ಮಳಿ ಸುದ್ದಿ ಕೇಳೂದು ಹ್ಯಾಂಗ? ಮುಂದಿನ ತಿಂಗಳಾ ಕುರಿ ಹೊಡಕೊಂಡು ಹೊಂಡ್ತೇವಿ. ಅಷ್ಟರಾಗ ಸುಮ್ಮನಾಗಲಿಲ್ಲಂದ್ರ ನಮಗ ಬ್ಯಾಡ."

ಡಿಪ್ಲೊಮಾದಲ್ಲಿ ಮೊದಲ ದರ್ಜೆ ಪಡೆದವಳಿಗೆ ಇದಕ್ಕಿಂತ ಅವಮಾನ ಬೇಕೆ?

ಕಾಕಾ ಬೋರ್ಡನ್ನು ಕಣ್ಣೆತ್ತಿ ನೋಡಲಿಲ್ಲ. ದೀಪ ಹಚ್ಚಿ, ಅಂಗೈಯಗಲದ ರೇಡಿಯೋವನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗಿಸಿ, ಬೋರ್ಡಿನ ಮೇಲೆ ಮೆಲ್ಲಗೆ ಆಡಿಸಿದರು. ಒಂದು ಮೂಲೆಯಲ್ಲಿ ಅದು ಕಿರುಚಿತು.

"ಕರೆಂಟಿಗೆ ಹೋಗೂ ದಾರಿ ಮಾಡೀರಿ, ಹೊಳ್ಳಿ ಬರೂ ದಾರಿ ಮಾಡಿಲ್ಲ. ಊರೆಲ್ಲಾ ಸುತ್ತಿ ಬರಾಕತ್ತೈತಿ. ಮತ್ತ ಮಾಡ್ರಿ."

ಇಷ್ಟೇ. ಎಲ್ಲಿ ತಪ್ಪಿದೆ ಎಂದು ಬಾಯಿ ಬಿಟ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಐದು ಸಲ ಮೂಡಲಗಿಯಿಂದ ಬಸ್ಸು ಹತ್ತಿದೆ. ದೂರವಿದ್ದ ಕೆಪಾಸಿಟರನ್ನು ಚಿಪ್‌ನ ಮಗ್ಗುಲಿಗೆ ತಂದೆ. ಅನುಕೂಲವಾದ ಕಡೆಯಲ್ಲೆಲ್ಲ ಜೋಡಿಸಿದ್ದ, ಕರೆಂಟು ಹೊರಳಿ ಬರುವ ಗ್ರೌಂಡ್ ಗೆರೆಗಳನ್ನು ಕಿತ್ತು ಒಂದೇ ಜಾಗದಲ್ಲಿ ಕೂಡಿಸಿದೆ. ಪ್ರತಿ ಸಲ ಸದ್ದು ಒಂದಿಷ್ಟು ಇಳಿಯಿತು; ಪ್ರತಿ ಸಲವೂ "ಮತ್ತ ಮಾಡ್ರಿ". ಒಂದು ದಿನ ಸಿಟ್ಟಿಗೆ ಬಸ್ಸಿನಲ್ಲಿ ಅತ್ತೇಬಿಟ್ಟೆ.

ಆರನೆಯ ಸಲ ರೇಡಿಯೋ ಬೋರ್ಡಿನ ಮೇಲೆ ಹೋಯಿತು, ಬಂತು. ಕಾಕಾರ ಮುಖ ಅರಳಿತು.

"ಈಗ ಸುಮ್ಮನಾತು ನೋಡು ಬೇಟಿ! ಖರೇ ಕೆಲಸಾ ಅಂದ್ರ ಇದು."

ರೇಡಿಯೋ ಸುಮ್ಮನಾಗಿರಲಿಲ್ಲ. ಹೊರಗಿನ ತಂತಿ ಕೂಡುವ ಕಡೆ ಸಣ್ಣಗೆ ಸುಂಯ್ ಅನ್ನುತ್ತಲೇ ಇತ್ತು, ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಮುಂದೆಯೇ ಒಂದು ಬಸ್ಸು ಗಟ್ಟಿಯಾಗಿ ಹಾರ್ನ್ ಹೊಡೆಯಿತು. ಕಾಕಾ ಹೊರಳಿ ಕೂಡ ನೋಡಲಿಲ್ಲ. "ಇನ್ನೊಮ್ಮೆ ಹೇಳ್ರಿ" ಅನ್ನುತ್ತಿದ್ದದ್ದು ಸೊಕ್ಕಲ್ಲ ಎಂದು ತಿಳಿಯಲು ನನಗೆ ಇಷ್ಟು ದಿನ ಬೇಕಾಯಿತು.

"ಹೌದ್ರಿ ಕಾಕಾ, ಸುಮ್ಮನಾತು" ಎಂದು ಬಲಗಿವಿಯಲ್ಲಿ ಕೂಗಿ ಹೇಳಿದೆ.

ಮನೆಗೆ ಬಂದು ಆ ತಂತಿಯ ಗ್ರೌಂಡ್ ಗೆರೆ ಕತ್ತರಿಸಿ ಕೆಪಾಸಿಟರಿನ ಬುಡಕ್ಕೇ ಸೇರಿಸಿದೆ. ಸದ್ದು ನಿಂತಿತು. ಉಳಿದ ದೀಪಗಳನ್ನೂ ಹಾಗೆಯೇ ಮಾಡಿ ಮುಗಿಸಿದೆ. ಕುರಿಗಾರ ತನ್ನ ರೇಡಿಯೋ ಹಚ್ಚಿ ಕೇಳಿ, ಇಪ್ಪತ್ತೂ ದೀಪ ಹೊತ್ತುಕೊಂಡು ಹೋದ. ಮರುವಾರ ಕಾಕಾರಿಗೆ ನಿಜ ಹೇಳಬೇಕೆಂದು ಗೋಕಾಕಕ್ಕೆ ಹೋದರೆ ಅಂಗಡಿಗೆ ಬೀಗ. ಹಿಂದಿನ ದಿನವೇ ತೀರಿಕೊಂಡಿದ್ದರಂತೆ, ಹುಟ್ಟೂರು ಹುಕ್ಕೇರಿಯಲ್ಲಿ ಮಣ್ಣು ಮಾಡಿದ್ದರಂತೆ.

ಇವತ್ತಿಗೂ ರೇಡಿಯೋ ಆಡಿಸಿ ನೋಡದೆ ಒಂದು ಬೋರ್ಡನ್ನೂ ಹೊರಗೆ ಕಳಿಸುವುದಿಲ್ಲ. ಅದು ಅವರಿಂದ ಬಂದದ್ದು. ಆದರೂ ನನ್ನ ಸಿಟ್ಟು ಇಳಿದಿಲ್ಲ. ಕಾಕಾ ಬಾಯಿತುಂಬ ಹೊಗಳಿದ್ದು ನನ್ನ ಒಂದೇ ಒಂದು ಬೋರ್ಡನ್ನು, ಅದೂ ಕೆಟ್ಟದ್ದನ್ನು.