ಸೊನ್ನೆ ಗಾಯದ ಬ್ಯಾಚು

ಗೆಳೆಯರೇ, ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ತರಬೇತಿಯ ವಿವರಗಳನ್ನು ಕಂಪ್ಯೂಟರಿಗೆ ಹಾಕುವವನು ನಾನು. ಇಂದಿನ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನದೇ ಹಾಳೆ ಎತ್ತಿ ಹಿಡಿದರು.

"ಹನ್ನೆರಡು ದಿನ ಕಲಿತ ಕಾಯಂ ಬ್ಯಾಚಲ್ಲಿ ಇಬ್ಬರಿಗೆ ಗಾಯ. ನಾಲ್ಕೇ ದಿನ ಕಲಿತ ಗುತ್ತಿಗೆ ಬ್ಯಾಚಲ್ಲಿ ಸೊನ್ನೆ! ಇನ್ಮೇಲೆ ಎಲ್ಲರಿಗೂ ನಾಲ್ಕೇ ದಿನ. ಉಳಿದ ದಿನ ಪ್ರೊಡಕ್ಷನ್‌ಗೆ."

ಗುತ್ತಿಗೆಯವರ ಬೆರಳು ಪ್ರೆಸ್ ಮೆಷಿನ್ನಿಗೆ ಸಿಕ್ಕರೆ ಅಂದೇ ರಿಜಿಸ್ಟರಿನಲ್ಲಿ ಅವರ ಹೆಸರು ಹೊಡೆದುಹಾಕುವುದು ಇಲ್ಲಿನ ಪದ್ಧತಿ. ಉಳಿದ ಹೆಸರುಗಳನ್ನಷ್ಟೇ ನಾನು ಕಂಪ್ಯೂಟರಿಗೆ ಹಾಕಿದ್ದೆ. ತಪ್ಪು ನನ್ನದೂ ಹೌದು.

ಎದ್ದು ನಿಲ್ಲಲು ಹೋದಾಗ ಮೇಸ್ತ್ರಿ ಸಿದ್ದಣ್ಣ ಅಂಗಿ ಜಗ್ಗಿದ. "ಸುಮ್ಕಿರ್ಲಾ, ಕೆಲ್ಸ ಹೋಯ್ತದೆ."

"ನಾಳೆ ಪ್ರೆಸ್ ಮುಂದೆ ನಿಲ್ಲೋಳು ಹೊಸ ಬ್ಯಾಚಿಗೆ ಸೇರಿರೋ ನಿನ್ ಮಗಳು ಕಣಣ್ಣ" ಎಂದೆ. ಅವನ ಕೈ ತಾನಾಗಿ ಸಡಿಲವಾಯಿತು.

"ಸಾರ್, ಗಾಯ ಆದೋರ ಹೆಸ್ರನ್ನೇ ನಾವು ಹೊಡೆದಾಕಿದೀವಿ!" ಎಂದು ಎದ್ದು ನಿಂತೆ.

ಮ್ಯಾನೇಜರ್ ನಕ್ಕರು. "ಹೆಸರೇ ಇಲ್ಲದವರಿಗೆ ಗಾಯ ಹೇಗಯ್ಯ ಆಗುತ್ತೆ?"

ತರಬೇತಿ ನಾಲ್ಕೇ ದಿನವೆಂದು ತೀರ್ಮಾನವಾಯಿತು. ಸಂಜೆ ಹೊಡೆದ ಹೆಸರುಗಳಿದ್ದ ರಿಜಿಸ್ಟರನ್ನೂ ಮ್ಯಾನೇಜರ್ ನನ್ನಿಂದ ಕೇಳಿ ಪಡೆದರು. ನಾಳೆ ನನ್ನ ಹೆಸರ ಮೇಲೂ ಗೆರೆ ಬಿದ್ದರೆ, ನಮ್ಮ ಫ್ಯಾಕ್ಟರಿಯಲ್ಲಿ ತಕರಾರು ಮಾಡಿದವರ ಸಂಖ್ಯೆಯೂ ಸೊನ್ನೆ.