ಜೌಗಿನ ಕಡೆಯಿಂದ ಬಂದ ಸಿಳ್ಳೆ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಆಫೀಸಿನಲ್ಲಿ ಹೇಳಿದಾಗ ನಕ್ಕವರಿದ್ದಾರೆ. ಪಾಪ, ಸುಸ್ತಾಗಿತ್ತೇನೋ ಎಂದು ಕನಿಕರ ತೋರಿಸಿದವರೂ ಇದ್ದಾರೆ. ನನಗೆ ಸುಸ್ತೂ ಆಗಿರಲಿಲ್ಲ, ನಿದ್ದೆಯೂ ಬಂದಿರಲಿಲ್ಲ. ನನ್ನ ಗಂಡ ಗಿರೀಶ ಪಕ್ಕದಲ್ಲೇ ಇದ್ದ, ಅವನಿಗೂ ಕೇಳಿಸಿತು. ಇದು ನಡೆದದ್ದೇ.

ನಾವು ಜಪಾನಿನ ಯೋಕೋಹಾಮಾದಲ್ಲಿರುವವರು. ನಾನು ಕಾರಿನ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್, ಗಿರೀಶ ಸಾಫ್ಟ್‌ವೇರ್. ನನಗೆ ಹಕ್ಕಿಗಳ ಹುಚ್ಚು, ಅವನಿಗೆ ಊಟದ ಹುಚ್ಚು. ದೊಡ್ಡ ಭೂಕಂಪ, ಸುನಾಮಿ ಆಗಿ ಕೆಲವು ವರ್ಷ ಕಳೆದಿದ್ದವು. ಈಶಾನ್ಯ ಕರಾವಳಿಯಲ್ಲಿ ನೆಲ ಕುಸಿದು, ಭತ್ತದ ಗದ್ದೆಗಳಿಗೆ ಸಮುದ್ರ ನುಗ್ಗಿ, ಅವೆಲ್ಲ ಜೌಗಾಗಿ, ಅಲ್ಲಿಗೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಸೇರಿಕೊಂಡಿವೆ ಎಂದು ಓದಿದ್ದೆ. ಅಲ್ಲಿಗೊಂದು ಟ್ರಿಪ್ ಇತ್ತು. ಬೆಳಿಗ್ಗೆ ಜೌಗು, ಮಧ್ಯಾಹ್ನ ಬೆಟ್ಟದ ಕಾಡು, ಕತ್ತಲಾದ ಮೇಲೆ ರಾತ್ರಿಹಕ್ಕಿಗಳ ಕೂಗು. ಜೊತೆಗೆ ಊರಿನವರೇ ಒಬ್ಬರು ಗೈಡ್.

ಕತ್ತಲಾದ ಮೇಲೆ ಆ ಕಡೆ ಇರಬೇಡಿ ಎಂದು ಆಫೀಸಿನ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು. ಯಾಕೆ ಎಂದರೆ ಬರೀ ತಲೆ ತಗ್ಗಿಸಿದರು. ಬೇಡ ಎಂದರೆ ಬೇಕೇ ಬೇಕು ಎನ್ನುವ ಜಾಯಮಾನ ನನ್ನದು. ಅವತ್ತು ಸಂಜೆಯೇ ಟಿಕೆಟ್ ತೆಗೆದೆ.

ಗೈಡ್ ಹೆಸರು ಕಿಕುಚಿ ಸಾನ್. ಅರವತ್ತು ದಾಟಿದ ಗಿಡ್ಡನೆಯ ಹೆಂಗಸು. ಮೊಣಕಾಲವರೆಗೆ ರಬ್ಬರ್ ಬೂಟು, ಬೆನ್ನಿಗೊಂದು ಹಳೆಯ ಚೀಲ. ಅವತ್ತು ನಾವಿಬ್ಬರೇ ಅತಿಥಿಗಳು. ಬೆಳಿಗ್ಗೆ ಜೌಗಿನ ಮೇಲೆ ಹಾಸಿದ ಹಲಗೆ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತ ಒಂದೊಂದೇ ಹಕ್ಕಿ ತೋರಿಸಿದರು. ಬಕ, ಜೊಂಡಿನಲ್ಲಿ ಕೂತು ಜಗಳಗಂಟಿಯಂತೆ ವಟಗುಟ್ಟುವ ಪುಟ್ಟ ಹಕ್ಕಿ, ನೆತ್ತಿಯ ಮೇಲೆ ಸುತ್ತುವ ಹದ್ದು. ಆಮೇಲೆ ಅದೇ ದನಿಯಲ್ಲಿ, ಆ ಮುರಿದ ಕಂಬದ ಆಚೆ ಇರುವುದು ನಮ್ಮ ಗದ್ದೆ ಎಂದರು. ಭೂಮಿ ನಡುಗಿದ ಮೇಲೆ ಅವರ ಗಂಡ ಗದ್ದೆಗೆ ನೀರು ಬಿಡುವ ತೂಬನ್ನು ನೋಡಿಕೊಂಡು ಬರುತ್ತೇನೆ ಎಂದು ಹೋದರಂತೆ. ಹೋದವರು ಬರಲಿಲ್ಲ. ದೇಹವೂ ಸಿಗಲಿಲ್ಲ.

ಹಲಗೆ ಬಿಟ್ಟು ಕೆಳಗೆ ಕಾಲಿಡಬೇಡಿ ಎಂದು ಅವರು ಎಚ್ಚರಿಸಿದರು. ಮೇಲೆ ಹುಲ್ಲು ಕಂಡರೂ ಅಡಿಯಲ್ಲಿ ತಳವಿಲ್ಲದ ಕೆಸರು. ಉಬ್ಬರ ಬಂದಾಗ ನೀರು ಕೆಳಗಿನಿಂದಲೇ ಏರುತ್ತದೆ, ಕಾಣುವುದೂ ಇಲ್ಲ. ಒಂದು ಜಿಂಕೆ ಸಿಕ್ಕಿಹಾಕಿಕೊಂಡಿದ್ದನ್ನು ಅವರೇ ನೋಡಿದ್ದರಂತೆ. ಬೆಳಗಾಗುವಷ್ಟರಲ್ಲಿ ಅದರ ಕೊಂಬೂ ಕಾಣಿಸಲಿಲ್ಲವಂತೆ.

ಊರಿನವರು ರಾತ್ರಿಯ ನಡಿಗೆ ನಿಲ್ಲಿಸಿ ಎಂದು ಅವರಿಗೆ ಎಷ್ಟೋ ಸಲ ಹೇಳಿದ್ದರು. ಇವರು ಕೇಳಿರಲಿಲ್ಲ. ಅದೊಂದು ಮಾತಿಗೇ ಅವರು ನನಗೆ ಬಹಳ ಇಷ್ಟವಾಗಿಬಿಟ್ಟರು.

ನನಗೆ ಬೇಕಿದ್ದದ್ದು ಒಂದೇ ಹಕ್ಕಿ, ತೋರಾತ್ಸುಗುಮಿ. ಬೆಟ್ಟದ ಕಾಡಿನಲ್ಲಿ ರಾತ್ರಿ ಕೂಗುವ, ಮೈತುಂಬ ಹುಲಿಯಂಥ ಹಳದಿ-ಕಪ್ಪು ಗುರುತುಗಳ ಹಕ್ಕಿ. ಕೂಗು ಎಂದರೆ ಕೂಗಲ್ಲ, ಉದ್ದನೆಯ ಒಂದೇ ಎಳೆ ಸಿಳ್ಳೆ. ಹೂ...... ಸ್ವಲ್ಪ ಮೌನ. ಮತ್ತೆ ಹೂ...... ಹಿಂದಿನ ಕಾಲದ ಜನ ಅದನ್ನು ದೆವ್ವದ ದನಿಯೆಂದೇ ನಂಬಿದ್ದರಂತೆ. ಕಿಕುಚಿ ಸಾನ್ ಎರಡು ಕಟ್ಟಳೆ ಹಾಕಿದರು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಾರದು. ರಾತ್ರಿ ಯಾರೂ ಸಿಳ್ಳೆ ಹಾಕಬಾರದು, ಹಾವು ಬರುತ್ತದೆ.

ನನಗೆ ನಗು ಬಂತು. ನಮ್ಮಲ್ಲೂ ಹಾವೇ ಬರುವುದು ಎಂದೆ. ಚಾಮರಾಜಪೇಟೆಯ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದದ್ದೂ ಇದನ್ನೇ. ಅದರಲ್ಲೂ ಹೆಣ್ಣುಮಕ್ಕಳಿಗೆ ಹಗಲಿನಲ್ಲೂ ಸಿಳ್ಳೆ ನಿಷಿದ್ಧ. ಆ ಕಾರಣಕ್ಕೇ ನಾನು ಟೆರೇಸಿನ ಮೇಲೆ ನಿಂತು ಬೀದಿಯ ಹುಡುಗರೆಲ್ಲರಿಗಿಂತ ಚೆನ್ನಾಗಿ ಕಲಿತಿದ್ದೆ. ಕಿಕುಚಿ ಸಾನ್ ಮಾತ್ರ ನಗಲಿಲ್ಲ.

ಕತ್ತಲಾಯಿತು. ಕಾಡು ಮುಗಿದು ಜೌಗು ಶುರುವಾಗುವ ಕಡೆ, ಹಲಗೆ ದಾರಿಯ ಮೇಲೆ ಮೂವರೂ ದೀಪ ಆರಿಸಿ ನಿಂತೆವು. ಎದುರಿಗೆ ಬೆಟ್ಟ, ಬೆನ್ನಿಗೆ ಜೌಗು. ಕಪ್ಪೆಗಳು ಒಂದೇ ಸಮನೆ ವಟಗುಡುತ್ತಿದ್ದವು. ಉಪ್ಪುನೀರು, ಕೊಳೆತ ಜೊಂಡಿನ ವಾಸನೆ. ಮೇ ತಿಂಗಳಾದರೂ ಚಳಿ ಮೂಳೆಗೆ ಇಳಿಯುತ್ತಿತ್ತು. ಹಕ್ಕಿಯ ಸುಳಿವೇ ಇಲ್ಲ.

"ಬಾರೇ ಹೋಗೋಣ," ಎಂದು ಗಿರೀಶ ಕಿವಿಯಲ್ಲಿ ಪಿಸುಗುಟ್ಟಿದ. "ಹೋಟೆಲ್‌ನಲ್ಲಿ ಡಿನ್ನರ್ ಕ್ಲೋಸ್ ಮಾಡ್ಬಿಟ್ರೆ ಕೊಂಬಿನಿ ಅಂಗಡಿ ಅನ್ನದುಂಡೆನೇ ಗತಿ."

"ಇರೋ. ಊರಿಗೆ ಬಂದವಳು ನೀರಿಗೆ ಬರ್ದೇ ಇರ್ತಾಳಾ?" ಎಂದೆ.

ಆದರೆ ಬರಲಿಲ್ಲ. ಕಾದು ಕಾದು ನನ್ನ ತಾಳ್ಮೆ ಮುಗಿಯಿತು. ಇಷ್ಟು ದೂರ ಬಂದು, ಒಂದು ಮೂಢನಂಬಿಕೆಗೆ ಹೆದರಿ ಬರಿಗೈಲಿ ಹೋಗುವುದೇ? ತುಟಿ ಒದ್ದೆ ಮಾಡಿಕೊಂಡು, ಬೆಟ್ಟದ ಕಡೆಗೆ ಮುಖ ಮಾಡಿ, ಉದ್ದಕ್ಕೆ ಒಂದು ಸಿಳ್ಳೆ ಬಿಟ್ಟೆ. ಹೂ......

ಕಿಕುಚಿ ಸಾನ್ ನನ್ನ ತೋಳು ಹಿಡಿದರು. ಬೈಯಲಿಲ್ಲ. ಹಿಡಿತ ಮಾತ್ರ ಬಿಗಿಯಾಗಿತ್ತು.

ಬೆಟ್ಟದಿಂದ ಉತ್ತರ ಬಂತು... ಹೂ...... ತೋರಾತ್ಸುಗುಮಿಯೇ. ಸಂತೋಷಕ್ಕೆ ನನಗೆ ಕುಣಿಯುವ ಹಾಗಾಯಿತು. ಇನ್ನೊಂದು ಸಲ ಸಿಳ್ಳೆ ಹಾಕಿದೆ.

ಈ ಸಲ ಉತ್ತರ ಬಂದದ್ದು ಬೆನ್ನ ಹಿಂದಿನಿಂದ. ಜೌಗಿನಿಂದ.

ಎರಡು ಗಿಡ್ಡ, ಒಂದು ಉದ್ದ. ಹಕ್ಕಿಯದ್ದಲ್ಲ. ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು ಬಿಡುತ್ತಾರಲ್ಲ, ಆ ಉಸಿರಿನ ಸದ್ದೂ ಜೊತೆಯಲ್ಲಿತ್ತು. ಕಪ್ಪೆಗಳು ಒಟ್ಟಿಗೇ ಬಾಯಿ ಮುಚ್ಚಿದವು.

"ಯಾರೋ ಇದಾರೆ ಅಲ್ಲಿ," ಎಂದ ಗಿರೀಶ.

ಮತ್ತೆ ಬಂತು. ಎರಡು ಗಿಡ್ಡ, ಒಂದು ಉದ್ದ. ಈಗ ಇನ್ನೂ ಹತ್ತಿರ. ಅದರ ಜೊತೆಗೇ ಒಂದು ವಾಸನೆ... ಆಗಷ್ಟೇ ಕೊಯ್ದ ಭತ್ತದ ಹುಲ್ಲಿನ ವಾಸನೆ. ಸಮುದ್ರದ ನೀರು ನಿಂತ ಆ ನೆಲದಲ್ಲಿ ಅಲೆ ಬಂದ ಮೇಲೆ ಒಂದು ಕಾಳು ಭತ್ತವೂ ಬೆಳೆದಿರಲಿಲ್ಲ.

ಕಿಕುಚಿ ಸಾನ್ ನನ್ನ ತೋಳು ಬಿಟ್ಟರು. "ಅವರೇ," ಎಂದರು ಮೆಲ್ಲಗೆ. "ಊಟಕ್ಕೆ ಬರ್ತಿದೀನಿ ಅಂತ ಗದ್ದೆಯಿಂದ ಹೀಗೇ ಕರೀತಿದ್ದರು."

ಹಾಗೆಂದವರೇ ಹಲಗೆಯಿಂದ ಕೆಳಗಿಳಿದುಬಿಟ್ಟರು. ಜಾರಿ ಬಿದ್ದದ್ದಲ್ಲ, ಮನೆಯ ಮೆಟ್ಟಿಲು ಇಳಿಯುವ ಹಾಗೆ ಇಳಿದರು. ಬೆಳಿಗ್ಗೆಯಿಡೀ ನಮಗೆ ಬೇಡ ಬೇಡ ಎಂದು ಹೇಳಿದ್ದ ಹೆಂಗಸು. ಒಂದು ಹೆಜ್ಜೆಗೆ ಮೊಣಕಾಲು, ಇನ್ನೊಂದಕ್ಕೆ ತೊಡೆ. ಉಬ್ಬರ ಏರುತ್ತಿತ್ತು, ಹಲಗೆಯ ಅಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

ನಾನು ಹಲಗೆಯ ಮೇಲೆ ಬೋರಲು ಬಿದ್ದು ಅವರ ಚೀಲದ ಪಟ್ಟಿ ಹಿಡಿದೆ. ಗಿರೀಶ ನನ್ನ ಕಾಲು ಹಿಡಿದುಕೊಂಡ. ಎಳೆದೆ. ಬರಲಿಲ್ಲ. ಕೆಸರು ಎಳೆಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅವರೇ ಮುಂದಕ್ಕೆ ಎಳೆಯುತ್ತಿದ್ದರು. ಮುದುಕಿಯ ಮೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಎದುರಿನ ಕತ್ತಲಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮತ್ತೆ ಅದೇ ಸಿಳ್ಳೆ.

ದೇವರ ನಾಮ ಯಾವುದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ದೊಡ್ಡಮ್ಮನ ಮಾತು. ದೆವ್ವ ಎದುರಾದರೆ ಹೆದರಬೇಡ, ಬಾಯಿಗೆ ಬಂದ ಹಾಗೆ ಬೈ, ಮರ್ಯಾದೆಗೆಟ್ಟ ಬೈಗುಳ ಕೇಳಿದರೆ ದೆವ್ವವೂ ಓಡುತ್ತದೆ ಎನ್ನುತ್ತಿದ್ದರು. ಈ ದೇಶಕ್ಕೆ ಬಂದಂದಿನಿಂದ ನಾನು ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ ಎಂದು ಲಿಫ್ಟಿನಲ್ಲೂ ಬಗ್ಗಿ, ರೈಲಿನಲ್ಲೂ ಬಗ್ಗಿ ಬದುಕಿದವಳು. ಅಷ್ಟೂ ವರ್ಷ ನುಂಗಿಕೊಂಡಿದ್ದೆಲ್ಲ ಒಂದೇ ಸಲಕ್ಕೆ ಬಾಯಿಗೆ ಬಂತು.

"ಥೂ ನಿನ್ ಮುಖಕ್ಕಿಷ್ಟು. ಬದುಕಿರೋಳ್ನ ಯಾಕೋ ಕರೀತೀಯ? ಅಷ್ಟು ಬೇಕಾಗಿದ್ರೆ ನೀನೇ ಬಾರೋ ಇಲ್ಲಿ. ಬಿಡಲ್ಲ ನಾನು. ಏನ್ ಕಿತ್ಕೋತೀಯೋ ಕಿತ್ಕೋ."

ಮುಂದಿನದನ್ನು ಬರೆಯುವ ಹಾಗಿಲ್ಲ. ಬೆಂಗಳೂರಿನ ಆಟೋ ಸ್ಟ್ಯಾಂಡು, ನಲ್ಲಿಯ ಮುಂದಿನ ಕ್ಯೂ, ಎಲ್ಲ ಕಡೆ ಕಲಿತದ್ದನ್ನೂ ಆ ಕತ್ತಲಿಗೆ ಎರಚಿದೆ. ಬೆಟ್ಟಕ್ಕೆ ಬಡಿದು ನನ್ನ ದನಿ ನನಗೇ ವಾಪಸು ಕೇಳಿಸುತ್ತಿತ್ತು.

ಎದುರಿನಿಂದ ಒಂದು ಗಿಡ್ಡ ಸಿಳ್ಳೆ ಬಂತು. ಎರಡನೆಯದು ಶುರುವಾಗಿ ಅರ್ಧಕ್ಕೇ ನಿಂತಿತು. ಹುಲ್ಲಿನ ವಾಸನೆ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ಕಪ್ಪೆ, ಆಮೇಲೆ ಇನ್ನೊಂದು. ಚೀಲದ ಪಟ್ಟಿ ಹಗುರಾಯಿತು. ನಾವಿಬ್ಬರೂ ಸೇರಿ ಕಿಕುಚಿ ಸಾನ್‌ರನ್ನು ಮೇಲಕ್ಕೆಳೆದುಕೊಂಡೆವು. ಒಂದು ಬೂಟು ಕೆಸರಿನಲ್ಲೇ ಉಳಿಯಿತು.

ಅವರು ಹಲಗೆಯ ಮೇಲೆ ಕುಳಿತು ಬಹಳ ಹೊತ್ತು ನಡುಗಿದರು. ಗಿರೀಶ ತನ್ನ ಜಾಕೆಟ್ ಹೊದಿಸಿದ. ಆಮೇಲೆ ಅವರು, ನೀವು ಅವರಿಗೆ ಏನಂದಿರಿ ಎಂದು ಕೇಳಿದರು. ಬೈದೆ ಎಂದೆ. ಬಹಳ ಕೆಟ್ಟದಾಗಿಯೇ ಎಂದು ಕೇಳಿದರು. ಹೌದು ಎಂದೆ.

"ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ರಾತ್ರಿ ಬರ್ತಾರೆ," ಎಂದರು ಕಿಕುಚಿ ಸಾನ್. "ದೂರದಿಂದ ಒಂದೇ ಸಲ ಕರೆದು ಹೋಗ್ತಾರೆ. ನಾನು ಯಾವತ್ತೂ ಉತ್ತರ ಕೊಟ್ಟಿಲ್ಲ. ರಾತ್ರಿ ಸಿಳ್ಳೆ ಹಾಕಬಾರದು ಅಲ್ಲವೇ. ಇವತ್ತು ಇಲ್ಲಿಂದ ಉತ್ತರ ಹೋಯಿತು. ಅದಕ್ಕೇ ಅಷ್ಟು ಹತ್ತಿರ ಬಂದರು."

ಇವರು ರಾತ್ರಿಯ ನಡಿಗೆ ಯಾಕೆ ಬಿಡುತ್ತಿರಲಿಲ್ಲ ಎಂದು ಆಗ ನನಗೆ ತಿಳಿಯಿತು. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅವರು ಬಗ್ಗಿ ನಮಸ್ಕರಿಸಿದರು, ಅರಿಗಾತೋ ಎಂದು ಧನ್ಯವಾದ ಹೇಳಿದರು. ಮುಖ ಮಾತ್ರ ಎತ್ತಿ ನೋಡಲಿಲ್ಲ.

ಮುಂದಿನ ವರ್ಷ ಮೇ ಮುಗಿಯುವ ಹೊತ್ತಿಗೆ ಅವರ ಫೋನು ಬಂತು. ಈ ಸಲ ನನ್ನ ಗಂಡ ಬರಲೇ ಇಲ್ಲ ಎಂದರು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೇ ವಾಸಿಯಾಗುತ್ತಿತ್ತು, ಜಗಳವಾಡಬಹುದಿತ್ತು. ನೀವೊಮ್ಮೆ ಬಂದು ಸಿಳ್ಳೆ ಹಾಕುತ್ತೀರಾ ಎಂದು ಕೇಳಿದರು. ಆಗುವುದಿಲ್ಲ ಎಂದುಬಿಟ್ಟೆ. ಪರವಾಗಿಲ್ಲ, ನಾನೇ ಕಲಿಯುತ್ತಿದ್ದೇನೆ ಎಂದರು. ಫೋನಿನಲ್ಲೇ ಊದಿ ತೋರಿಸಿದರು. ಎರಡು ಗಿಡ್ಡ, ಒಂದು ಉದ್ದ. ಚೆನ್ನಾಗಿಯೇ ಕಲಿತಿದ್ದಾರೆ.

ನಾನು ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುವುದಿಲ್ಲ. ದಿನಕ್ಕೆ ನೂರು ಸಲ ಸುಮಿಮಾಸೆನ್ ಎನ್ನುವವಳು ಇದೊಂದಕ್ಕೆ ಅನ್ನುವುದಿಲ್ಲ. ಅದು ದೆವ್ವವಾಗಿದ್ದರೆ ಬೈದದ್ದು ಸರಿ. ಗಂಡನೇ ಆಗಿದ್ದರೂ, ಹೆಂಡತಿಯನ್ನು ಕೆಸರಿಗೆ ಕರೆಯುವ ಗಂಡನಿಗೆ ಬೈದದ್ದೂ ಸರಿ. ಗಿರೀಶನಿಗೆ ಇದನ್ನೇ ಹೇಳುತ್ತಿರುತ್ತೇನೆ, ಅವನು ಹೂಂ ಎನ್ನುತ್ತಾನೆ. ಆದರೂ ಆ ಅರ್ಧಕ್ಕೆ ನಿಂತ ಸಿಳ್ಳೆ ಇದೆಯಲ್ಲ... ಬೈಸಿಕೊಂಡವರು ಮಾತು ನುಂಗಿಕೊಳ್ಳುತ್ತಾರಲ್ಲ, ಹಾಗೆ ಅದು ನಿಂತಿತ್ತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಕೆಲವು ಸಲ ಅದು ನೆನಪಾಗಿ ಒಲೆ ಆರಿಸಿ ನಿಂತುಬಿಡುತ್ತೇನೆ.

ಬರುವ ಮೇ ತಿಂಗಳಿಗೆ ರೈಲು ಟಿಕೆಟ್ ತೆಗೆದಿದ್ದೇನೆ. ನಾನೂ ಬರ್ತೀನಿ ಕಣೇ ಎಂದು ಗಿರೀಶ ತಾನಾಗಿಯೇ ಹೇಳಿದ. ಕಿಕುಚಿ ಸಾನ್ ಹಲಗೆಯ ಮೇಲೆ ನಿಂತು ಎಷ್ಟು ಬೇಕಾದರೂ ಸಿಳ್ಳೆ ಹಾಕಲಿ, ನಾನು ತಡೆಯುವುದಿಲ್ಲ. ಅವರ ಬೆನ್ನ ಹಿಂದೆ, ಆ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತೇನೆ.